ಮನಿಲಾಕ್ಕೆ ಹೊರಟ ಕೆಲಸ

ಮಂಗಳೂರು

ಪ್ರೀತಿಯ ಮಗಳೇ,

ನಿಮ್ಮ ತಂಡದ ಕೆಲಸ ಫಿಲಿಪ್ಪೀನ್ಸಿನ ಮನಿಲಾಕ್ಕೆ ಹೋಗುತ್ತದೆ ಎಂದು ಕೇಳಿದಲ್ಲಿಂದ ಅಮ್ಮನಿಗೆ ನಿದ್ದೆ ಇಲ್ಲ. "ಕಂಪನಿ ಮೋಸ ಮಾಡಿತು" ಅಂದೆಯಲ್ಲ, ಅದಕ್ಕೆ ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಇಲ್ಲ.

ನೀವು ನೋಡುವ ಅಮೆರಿಕದ ಆಸ್ಪತ್ರೆಗಳ ವಿಮಾ ಕ್ಲೇಮು ಬೆಂಗಳೂರಿಗೆ ಬಂದದ್ದು ಪ್ರೀತಿಯಿಂದ ಅಲ್ಲ. ಡಾಲರ್ ಲೆಕ್ಕದಲ್ಲಿ ಇಲ್ಲಿಯ ಸಂಬಳ ಸಣ್ಣದು. ನ್ಯೂಯಾರ್ಕಿಗಿಂತ ನಾವು ಬೇಸಿಗೆಯಲ್ಲಿ 9.5 ಗಂಟೆ, ಚಳಿಗಾಲದಲ್ಲಿ 10.5 ಗಂಟೆ ಮುಂದೆ. ಅವರು ಸಂಜೆ ಬಿಟ್ಟುಹೋದ ಫೈಲು ಬೆಳಿಗ್ಗೆ ಬರುವಾಗ ಮುಗಿದಿರುತ್ತದೆ.

ಆದರೆ ಸಂಬಳ ಒಂದನ್ನೇ ನೋಡಬೇಡ, ನಮ್ಮ ಗೇರುಬೀಜ ನೋಡು. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದ ಹಸಿಬೀಜ ಹಡಗಿನಲ್ಲಿ ಪಣಂಬೂರಿಗೆ ಬರುತ್ತದೆ. ಅಲ್ಲಿ ಕೂಲಿ ದುಬಾರಿ ಎಂದೇನೂ ಅಲ್ಲ. ಮತ್ತೆ ಇಲ್ಲಿಗೆ ಯಾಕೆ? ಡಬ್ಲ್ಯೂ-320 ಎಂಬ ಗ್ರೇಡು ಅಂದರೆ ಪೌಂಡಿಗೆ 300ರಿಂದ 320 ಇಡೀ ಬೀಜ. ಹಬೆಯಲ್ಲಿ ಬೇಯಿಸಿದ್ದು ಸರಿಯಾಗಿ ಆರುವ ಮೊದಲೇ ಕತ್ತರಿಸಿದರೆ ತಿರುಳು ಒಡೆಯಿತು. ಬೋರ್ಮಾದಲ್ಲಿ, ಅಂದರೆ ತಿರುಳು ಒಣಗಿಸುವ ಬಿಸಿ ಕೋಣೆಯಲ್ಲಿ, ಒಣಗಿದ್ದು ಹೆಚ್ಚಾದರೆ ಸುಲಿಯುವಾಗ ಮುರಿಯುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದೇ ಇಲ್ಲ, ಚಾಕುವಿನಿಂದ ಕೆರೆಯಬೇಕು, ಕೆರೆದದ್ದರ ಮೇಲೆ ಗೀರು ಬಿದ್ದರೆ ಗ್ರೇಡು ಹೋಯಿತು. ಹಸಿಬೀಜದ 80 ಕೆಜಿ ಮೂಟೆಯಲ್ಲಿ 48 ಪೌಂಡ್ ತಿರುಳು ಬಂದರೂ ಅರ್ಧ ತುಂಡಾದರೆ ಕೂಲಿಯಲ್ಲಿ ಉಳಿಸಿದ್ದು ದರದಲ್ಲಿ ಹೋಗುತ್ತದೆ. ಇಲ್ಲಿಯ ಹೆಂಗಸರ ಕೈಗೆ ಆ ಹದ ಗೊತ್ತಿತ್ತು, ಅದಕ್ಕೇ ಬೀಜ ಸಮುದ್ರ ದಾಟಿ ಬಂತು. ಆಮೇಲೆ ವಿಯೆಟ್ನಾಂ ಆ ಹದವನ್ನು ಯಂತ್ರಕ್ಕೆ ಕಲಿಸಿತು. ತಿರುಳಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಈಗ ಐವರಿ ಕೋಸ್ಟಿನವರೂ ಯಂತ್ರ ಇಟ್ಟುಕೊಂಡು ತಾವೇ ಒಡೆಯಲಿಕ್ಕೆ ಸುರು ಮಾಡಿದ್ದಾರೆ. ಒಡೆಯಲಿ, ಬೆಳೆದವರು ಅವರು.

ಗೇರುಬೀಜದ ಮಾತು ಉದ್ದ ಆಯಿತು, ಬೇಸರ ಮಾಡಬೇಡ. ನಿನ್ನ ಕೆಲಸದಲ್ಲಿಯೂ ಇದೇ ಉಂಟು. ಕ್ಲೇಮು ತೆರೆದು ರೋಗಕ್ಕೆ, ಚಿಕಿತ್ಸೆಗೆ ಇರುವ ಕೋಡು ಹೊಂದಿಸುವುದನ್ನು ಹಂತ ಹಂತವಾಗಿ ಬರೆದಿಡಬಹುದು. ಬರೆದಿಟ್ಟದ್ದನ್ನು ಮನಿಲಾದವರೂ ಮಾಡುತ್ತಾರೆ, ನಾಳೆ ಸಾಫ್ಟ್‌ವೇರೂ ಮಾಡುತ್ತದೆ. ತಿರಸ್ಕೃತವಾಗಿ ವಾಪಸು ಬಂದ ಕ್ಲೇಮಿನಲ್ಲಿ ತಪ್ಪು ಆಸ್ಪತ್ರೆಯದ್ದೋ ವಿಮೆಯವರದ್ದೋ ಎಂದು ಹಿಡಿಯುವುದು ಅಷ್ಟು ಸುಲಭದಲ್ಲಿ ಕಾಗದಕ್ಕೆ ಇಳಿಯುವುದಿಲ್ಲ. ತಂಡದ ಎಸ್‌ಒಪಿ (ಕೆಲಸದ ಹಂತಗಳ ಕೈಪಿಡಿ) ಬರೆದವಳು ನೀನೇ ಎಂದು ಅಮ್ಮ ಊರಿಡೀ ಹೇಳಿದ್ದಾಳೆ, ನಾನೂ ಒಂದೆರಡು ಕಡೆ ಹೇಳಿದ್ದೇನೆ. ಅದೇ ಕಾಗದ ಈಗ ವಿಮಾನ ಹತ್ತಿದೆ, ಎಂತ ಮಾಡುವುದು ಮಾರಾಯ್ತಿ.

ಕೆಟಿ ಕೊಡುವಾಗ, ಅಂದರೆ ಮನಿಲಾದವರಿಗೆ ಕೆಲಸ ಕಲಿಸಿ ಒಪ್ಪಿಸುವಾಗ, ಸಿಟ್ಟಿನಲ್ಲಿ ಏನನ್ನೂ ಬಚ್ಚಿಡಬೇಡ. ಎರಡೂ ಕಡೆ ಒಟ್ಟಿಗೆ ಕೆಲಸ ನಡೆಯುವ ವಾರಗಳಲ್ಲಿ ತಪ್ಪು ಜಾಸ್ತಿ ಬರುತ್ತದೆ. ತಿರಸ್ಕೃತ ಕ್ಲೇಮಿನ ಅಪೀಲಿನ ಫೈಲು ನನಗೆ ಕೊಡಿ ಎಂದು ಆಗಲೇ ಕೇಳು. ಕಂಪನಿಯವರು ಕೆಲಸದಿಂದ ತೆಗೆಯುವುದಾದರೆ ಅವರೇ ಪತ್ರ ಕೊಡಲಿ, ನೀನಾಗಿ ರಾಜೀನಾಮೆ ಬರೆಯಬೇಡ. ನೋಟಿಸಿನ ಅವಧಿಯ ಸಂಬಳ, ಬಾಕಿ ರಜೆಯ ಹಣ, ರಿಲೀವಿಂಗ್ ಲೆಟರ್, ಎಲ್ಲ ಲಿಖಿತದಲ್ಲಿ ಕೇಳು. ಪಿಎಫ್ ಹಣ ತೆಗೆಯಬೇಡ, ಮುಂದಿನ ಕೆಲಸದ ಖಾತೆಗೆ ವರ್ಗಾಯಿಸು.

ಶುಕ್ರವಾರ ರಾತ್ರಿ ಬಸ್ಸಿಗೆ ಬರುವುದಾದರೆ ತಿಳಿಸು, ಟಿಕೆಟ್ ನಾನೇ ಮಾಡುತ್ತೇನೆ.

ನಿನ್ನ ಅಪ್ಪ