ಕುಡ್ಲಕ್ಕೆ ಬರುವ ಮೊದಲು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಜೂನ್‌ನಲ್ಲಿ ಒಂದು ದಿನದ ಮಟ್ಟಿಗೆ ಮಂಗಳೂರಿಗೆ ಬಂದು ಬೀಚ್ ನೋಡಿ ಹೋಗುತ್ತೇನೆ ಎಂದು ಬರೆದಿದ್ದೀ. ಬೇಡ ಮಾರಾಯ್ತಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಆಗ ತಟ್ಟೆಗೆ ಬರುವ ಅಂಜಲ್ ಮೀನು ಹೆಚ್ಚಾಗಿ ಐಸಿನಲ್ಲಿಟ್ಟದ್ದು. ಕಡಲಿಗೆ ಇಳಿಯುವ ಹಾಗಿಲ್ಲ. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ನೀನು ದಾರಿಯಲ್ಲೇ ಬಾಕಿ. ನವರಾತ್ರಿಗೆ ಬಾ, ತಾಸೆ ವಾದ್ಯದ ಬಡಿತಕ್ಕೆ ಬೀದಿಯಲ್ಲಿ ಹುಲಿವೇಷ ಕುಣಿಯುತ್ತದೆ. ಇಲ್ಲವೇ ಡಿಸೆಂಬರಿನಲ್ಲಿ ಬಾ, ಕಂಬಳ, ದೈವಗಳ ಕೋಲ, ಯಕ್ಷಗಾನ ಎಲ್ಲ ಉಂಟು. ಮೂರು ದಿನ ಇಟ್ಟುಕೋ. ಕೋಲದಲ್ಲಿ ಮಾತ್ರ ಕೇಳದೆ ಮೊಬೈಲ್ ಎತ್ತಬೇಡ.

ಬೀಚ್ ಮಲ್ಪೆಯಲ್ಲೂ ಉಂಟು, ಗೋವೆಯಲ್ಲೂ ಉಂಟು. ಈ ಊರಿಗೆ ಬರಬೇಕಾದ್ದು ಕಿವಿಗಾಗಿ. ತುಳುವರಿಗೆ ಇದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಬಂದರಿನ ಗಲ್ಲಿಗಳಲ್ಲಿ ಬೆಳಗ್ಗೆ ಅರ್ಧ ಗಂಟೆ ನಡೆದರೆ, ಒಬ್ಬನೇ ಅಂಗಡಿಯವ ಮೂರು ಗಿರಾಕಿಗಳ ಹತ್ತಿರ ಮೂರು ಭಾಷೆ ಆಡುವುದು ಕೇಳುತ್ತದೆ. ನಿನಗೆ ಸಿಗುವ ಉತ್ತರ ಪುಸ್ತಕದ ಹಾಗಿರುವ ಕನ್ನಡದಲ್ಲಿ. ನಗಬೇಡ, ಇಲ್ಲಿ ಎಷ್ಟೋ ಮನೆಗಳಿಗೆ ಕನ್ನಡ ಬಂದದ್ದು ಶಾಲೆಯಿಂದ. ಆದರೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇಲ್ಲಿಂದ, ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಎರಡರ ಹಿಂದೆಯೂ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ. ನಿಮ್ಮ ಹಳೇ ಮನೆಯ ಮಂಗಳೂರು ಹಂಚನ್ನು ಮಗುಚಿ ನೋಡು, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಆ ಉದ್ಯಮಕ್ಕೆ ದಾರಿ ಹಾಕಿದವರಲ್ಲೂ ಆ ಮಿಶನಿನವರಿದ್ದರು.

ಕದ್ರಿಯಲ್ಲಿ ಮಂಜುನಾಥನಿಗೆ ಕೈಮುಗಿದು ಹೊರಟುಬಿಡಬೇಡ. ಅಲ್ಲಿನ ಕಂಚಿನ ಲೋಕೇಶ್ವರ ವಿಗ್ರಹದ ಎದುರು ನಿಲ್ಲು. ಅದರ ಪೀಠದಲ್ಲೇ ಶಾಸನ ಉಂಟು: ಆಳುಪ ರಾಜ ಕುಂದವರ್ಮ, ಕ್ರಿ.ಶ. 968. ಲೋಕೇಶ್ವರ ಎಂಬುದು ಬೌದ್ಧರ ಹೆಸರು, ಇರುವುದು ಶಿವನ ಗುಡಿಯಲ್ಲಿ, ಮೇಲೆ ಗುಡ್ಡದಲ್ಲಿ ಜೋಗಿಗಳ ಮಠ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯ ಮೊಸ್ಕೇನಿ. ಫೋಟೋ ತೆಗೆಯಲು ಬಿಡುವುದಿಲ್ಲ, ಒಳ್ಳೆಯದೇ ಆಯಿತು, ಬೆಂಚಿನಲ್ಲಿ ಕೂತು ಕತ್ತೆತ್ತಿ ನೋಡು. ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು ಯಾರನ್ನು ಬೇರೆ ದೇವಸ್ಥಾನಗಳು ಹೊರಗಿಟ್ಟಿದ್ದವೋ ಅವರಿಗಾಗಿ. ಬಂದರಿನ ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯನ್ನೂ ಕೇಳಿಕೊಂಡು ನೋಡು. ಶುಕ್ರವಾರ ಮಧ್ಯಾಹ್ನ ಬೇಡ.

ಊಟದ ವಿಷಯ. ಕೋರಿ ರೊಟ್ಟಿ ಎಂದರೆ ಚಪಾತಿಯ ಹಾಗೆ ಹರಿದು ಅದ್ದುವುದಲ್ಲ. ರೊಟ್ಟಿ ಹಪ್ಪಳದ ಹಾಗೆ ಗರಿಗರಿ ಇರುತ್ತದೆ. ಎರಡೇ ಎರಡು ಮುರಿದು ಹಾಕಿ, ಮೇಲೆ ಕೋಳಿ ಸಾರು ಹೊಯ್ದು, ಅಂಚು ಇನ್ನೂ ಮುರುಮುರು ಎನ್ನುವಾಗಲೇ ತಿನ್ನಬೇಕು. ಎಲ್ಲ ರೊಟ್ಟಿಯನ್ನೂ ಒಟ್ಟಿಗೆ ನೆನೆಸಿಟ್ಟರೆ ಐದು ನಿಮಿಷದಲ್ಲಿ ಗಂಜಿ. ಮುಳ್ಳಿನ ಹೆದರಿಕೆ ಇದ್ದರೆ ಕಾಣೆ ಮೀನು ತೆಗೆದುಕೋ: ನಡುಮುಳ್ಳು ಹಿಡಿದು ಎಳೆದರೆ ಮಾಂಸ ಎರಡೂ ಕಡೆ ಬಿಟ್ಟು ಬರುತ್ತದೆ. ಬಂಗುಡೆ ಮೀನಿನ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು, ರುಚಿಯಲ್ಲಿ ಅದಕ್ಕಿಂತ ಮೇಲು, ದರದಲ್ಲಿ ಕಡಿಮೆ. ಸಂಜೆ ಬಾಳೆಹಣ್ಣಿನ ಬನ್ಸ್ ತಿನ್ನುವುದಾದರೆ ಬಿಸಿ ಇರುವಾಗಲೇ ತಿನ್ನು.

ಬೀಚ್ ಬೇಕೇ ಬೇಕಿದ್ದರೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋಗು. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳು. ತಪ್ಪಿದರೆ ಕೂಳೂರು ಸೇತುವೆ ಸುತ್ತಿ ಬರಬೇಕು, ರಿಕ್ಷಾದವ ಕೇಳಿದ್ದು ಕೊಡಬೇಕು.

ಬರುವಾಗ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು ಹಗಲು ದಾಟುವ ರೈಲು ಹಿಡಿ. ಅದು ದಿನಾ ಇರುವುದಿಲ್ಲ, ಮೊದಲು ವಾರ ನೋಡಿ ಆಮೇಲೆ ರಜೆ ಹಾಕು. ಟಿಕೆಟಿನಲ್ಲಿ ಇಳಿಯುವ ಸ್ಟೇಷನ್ ಯಾವುದೆಂದೂ ನೋಡು. ಸೆಂಟ್ರಲ್ ಪೇಟೆಯೊಳಗೆ, ಜಂಕ್ಷನ್ ಊರಾಚೆ ಪಡೀಲಿನ ಹತ್ತಿರ. ಯಾವುದೆಂದು ತಿಳಿಸಿದರೆ ಅಲ್ಲಿಗೇ ಬರುತ್ತೇನೆ.

ಇಂತು ನಿನ್ನ
ದೊಡ್ಡಪ್ಪ