ರಖ್ಮಾನಿನೋಫ್ ದಿನಕ್ಕೆ ನಿರೂಪಣೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ನಿನ್ನ ಕರಡು ಓದಿದೆ. ಏಪ್ರಿಲ್ 1ರ ಬೆಳಗಿನಿಂದ ರಾತ್ರಿವರೆಗೆ ರೇಡಿಯೋದಲ್ಲಿ ಅಂದು ಹುಟ್ಟಿದ ರಷ್ಯದ ಸಂಗೀತ ರಚನಕಾರ, ಪಿಯಾನೋ ವಾದಕ ಸೆರ್ಗೈ ರಖ್ಮಾನಿನೋಫ್ ಸಂಗೀತ, ನಡುನಡುವೆ ನಿನ್ನ ಕನ್ನಡ ನಿರೂಪಣೆ. ಭಾಷೆ ಚೆನ್ನಾಗಿದೆ. ಆದರೆ ಜೀವನಚರಿತ್ರೆ ಜಾಸ್ತಿಯಾಯಿತು, ಕಿವಿಗೆ ಸಿಗುವುದು ಕಡಿಮೆಯಾಯಿತು. ನಿರೂಪಕರ ಮಾತು ನಿಂತ ಮೇಲೆ ಮೊದಲ ಒಂದೆರಡು ನಿಮಿಷ ಏನು ಕೇಳಿಸುತ್ತದೋ ಅದನ್ನು ಮೊದಲು ಬರಿ. ಮಿಕ್ಕಿದ್ದಕ್ಕೆ ಜಾಗ ಉಳಿದರೆ ನೋಡೋಣ.

ಪಿಯಾನೋಗೂ ವಾದ್ಯವೃಂದಕ್ಕೂ ಬರೆದ ಎರಡನೆಯ ಪಿಯಾನೋ ಕಾನ್ಸರ್ಟೊವನ್ನೇ ತಗೋ. ಅದಕ್ಕೆ ನೀನು ಡಾಕ್ಟರ್ ದಾಲ್ ಅವರ ಸಂಮೋಹನ ಚಿಕಿತ್ಸೆಯ ಕಥೆಯನ್ನು ಒಂದು ಪುಟ ಬರೆದಿದ್ದೀಯ. 1897ರಲ್ಲಿ ವಾದ್ಯವೃಂದಕ್ಕೆ ಬರೆದ ಮೊದಲ ಸಿಂಫನಿ ನೆಲಕಚ್ಚಿತು, ಆತ ಕುಸಿದ, ದಾಲ್ ಎಬ್ಬಿಸಿದರು, ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ: ನಾಲ್ಕು ವಾಕ್ಯ ಸಾಕು, ಅದೂ ದಿನಕ್ಕೆ ಒಂದೇ ಸಲ. ಅದರ ಬದಲು ಶುರುವನ್ನು ತೋರಿಸು. ಪಿಯಾನೋ ಒಂಟಿಯಾಗಿ, ಮೆಲ್ಲಗೆ, ಗಂಟೆ ಬಾರಿಸಿದ ಹಾಗೆ ಸ್ವರಗುಚ್ಛಗಳನ್ನು ಬಾರಿಸುತ್ತದೆ. ಒಂದೊಂದರ ನಡುವೆಯೂ ಕೆಳಗಿನ ಒಂದೇ ಸ್ವರ ಮತ್ತೆ ಮತ್ತೆ ಅನುರಣಿಸುತ್ತದೆ. ಸದ್ದು ಏರುತ್ತ ಎಂಟು ಆವರ್ತನೆ ಆದ ಮೇಲೆ ಹಾಡು ಬರುತ್ತದೆ, ಆದರೆ ಪಿಯಾನೋದಲ್ಲಲ್ಲ! ಪಿಟೀಲು, ವಯೋಲ, ಕ್ಲಾರಿನೆಟ್ ಹಾಡುತ್ತವೆ. ಪಿಯಾನೋ ಅಡಿಯಲ್ಲಿ ಅಲೆಗಳಂತೆ ಓಡುತ್ತಿರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಹೊಸ ಕೇಳುಗ ಪಿಯಾನೋವನ್ನೇ ಹುಡುಕುತ್ತ ಹಾಡು ಕಳೆದುಕೊಳ್ಳುವುದಿಲ್ಲ. ಇನ್ನೊಂದು ಸಾಲು ಬೇಕಿದ್ದರೆ: ಈ ಮೊದಲ ಭಾಗವನ್ನು ಬರೆದದ್ದು ಕೊನೆಗೆ. 1900ರ ಡಿಸೆಂಬರಿನಲ್ಲಿ ಎರಡು, ಮೂರನೆಯ ಭಾಗಗಳನ್ನಷ್ಟೇ ನುಡಿಸಿದ್ದರು.

ತಾರೀಖಿನ ವಿಷಯದಲ್ಲಿ ಎಚ್ಚರ. ಹುಟ್ಟಿದ್ದು ರಷ್ಯದ ಹಳೆಯ ಪಂಚಾಂಗದ ಪ್ರಕಾರ 1873ರ ಮಾರ್ಚ್ 20. 19ನೆಯ ಶತಮಾನದಲ್ಲಿ ಎರಡು ಪಂಚಾಂಗಗಳ ಅಂತರ 12 ದಿನ, ಹಾಗಾಗಿ ಏಪ್ರಿಲ್ 1. 1900 ಕಳೆದ ಮೇಲೆ ಅಂತರ 13 ದಿನವಾಯಿತು. ಹಾಗೆ ಲೆಕ್ಕ ಹಾಕಿದವರಿಂದ ಏಪ್ರಿಲ್ 2 ಕೂಡ ಬಳಕೆಗೆ ಬಂತು. ಹಳೆಯ ರೆಕಾರ್ಡ್ ಕವರ್ ಹಿಡಿದುಕೊಂಡು ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಪ್ರಥಮ ಪ್ರದರ್ಶನಗಳಿಗೂ ಇದೇ ಲೆಕ್ಕ: ಮೊದಲ ಸಿಂಫನಿ 1897ರ ಮಾರ್ಚ್ 15 ಅಂದರೆ ಮಾರ್ಚ್ 27, ಎರಡನೆಯ ಕಾನ್ಸರ್ಟೊ ಪೂರ್ತಿಯಾಗಿ 1901ರ ಅಕ್ಟೋಬರ್ 27 ಅಂದರೆ ನವೆಂಬರ್ 9. ಒಂದೇ ಪುಟದಲ್ಲಿ ಎರಡು ಪಂಚಾಂಗ ಬೆರೆಸಬೇಡ.

ಇನ್ನು ಗಡಿಯಾರ. ನಿಧಾನವಾಗಿ ಓದುವವರು ನಿಮಿಷಕ್ಕೆ ನೂರರ ಆಸುಪಾಸು ಕನ್ನಡ ಪದ ಓದುತ್ತಾರೆ. ನೀನು ಎರಡನೆಯ ಸಿಂಫನಿಗೆ ಬರೆದಿರುವುದು 400 ಪದ, ಅಂದರೆ ನಾಲ್ಕು ನಿಮಿಷ. ಕಟ್ ಇಲ್ಲದ ಆ ಸಿಂಫನಿಗೇ ಒಂದು ಗಂಟೆ ಬೇಕು, ಗಂಟೆಗೊಮ್ಮೆ ವಾರ್ತೆ ಬೇರೆ ಇದೆ. ಹಳೆಯ ಧ್ವನಿಮುದ್ರಣಗಳಲ್ಲಿ ಅದನ್ನು ಮುಕ್ಕಾಲು ಗಂಟೆಗೆ ಇಳಿಸಿದ್ದುಂಟು. ಸಮಯಕ್ಕೆ ಹೊಂದುತ್ತದೆಂದು ಅಂಥದ್ದನ್ನು ಹಾಕಿ ಇಡೀ ಸಿಂಫನಿ ಅಂತ ಹೇಳಿಬಿಟ್ಟರೆ ತಿಳಿದವರು ಬಿಡುವುದಿಲ್ಲ. ವಾರ್ತೆ ಇಲ್ಲದ ರಾತ್ರಿ ಹೊತ್ತಿಗೆ ಪೂರ್ತಿ ರೂಪವನ್ನೇ ಇಡು, ಮಾತು ಒಂದು ನಿಮಿಷಕ್ಕೆ ಮುಗಿಸು. ಪ್ರತಿ ಮುದ್ರಣದ ಅವಧಿಯನ್ನು ಕವರ್ ನೋಡಿ ನಂಬಬೇಡ, ಫೈಲ್ ತೆಗೆದು ನೋಡು.

ಸಿ ಶಾರ್ಪ್ ಮೈನರ್ ಪ್ರೆಲ್ಯೂಡ್ ಎಂಬ ಪುಟ್ಟ ಪಿಯಾನೋ ಕೃತಿ ಕೇಳಿಸುತ್ತಿರುವಾಗ ಯಾರೂ ಮಾತಾಡಕೂಡದು ಅಂತ ಸ್ಕ್ರಿಪ್ಟಿನಲ್ಲೇ ಬರಿ. ಗಡಸಾಗಿ ಮೂರು ಸ್ವರ, ಆಮೇಲೆ ಪಿಸುಮಾತು. ಆ ಮೂರಕ್ಕೆ ಹೆದರಿ ಧ್ವನಿ ತಗ್ಗಿಸಿದರೆ ಮುಂದಿನದು ಕೇಳಿಸುವುದೇ ಇಲ್ಲ.

ಮಧ್ಯಾಹ್ನ ಆತನೇ ನುಡಿಸಿದ ಮುದ್ರಣಗಳನ್ನು ಇಟ್ಟಿದ್ದೀಯಲ್ಲ, ಒಳ್ಳೆಯದು. ಅಲ್ಲಿ ನೀನು ಬಿಟ್ಟಿರುವ ಸ್ವಾರಸ್ಯವೊಂದಿದೆ: ತನ್ನ ಕಛೇರಿಗಳನ್ನು ರೇಡಿಯೋದಲ್ಲಿ ಬಿತ್ತರಿಸಲು ರಖ್ಮಾನಿನೋಫ್ ಒಪ್ಪುತ್ತಿರಲಿಲ್ಲ. ಆ ಕಾಲದ ರೇಡಿಯೋ ಸದ್ದು ಆತನಿಗೆ ಹಿಡಿಸುತ್ತಿರಲಿಲ್ಲ, ಗ್ರಾಮಫೋನ್ ಪರವಾಗಿಲ್ಲ. ಹಾಗಾಗಿ ನಾವು ಕೇಳಿಸುವ ಆತನ ಕೈ ಪೂರ್ತಿ ಗ್ರಾಮಫೋನ್ ತಟ್ಟೆಗಳಿಂದ ಬಂದದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ತಟ್ಟೆಯ ಒಂದು ಮುಖ ನಾಲ್ಕೂವರೆ ನಿಮಿಷದ ಒಳಗೇ ಮುಗಿಯುತ್ತಿತ್ತು. ಹೊಸ ಮುದ್ರಣದ ಬೆನ್ನಿಗೇ ಆತ 1929ರಲ್ಲಿ ನುಡಿಸಿ ಮುದ್ರಿಸಿದ ಎರಡನೆಯ ಕಾನ್ಸರ್ಟೊ ಹಾಕಿದರೆ ರೇಡಿಯೋ ಕೆಟ್ಟಿತು ಅಂದುಕೊಳ್ಳುತ್ತಾರೆ. ನಡುವೆ ಅರ್ಧ ನಿಮಿಷದ ಮಾತಿರಲಿ. "ತಟ್ಟೆಯ ಸರಸರ ಕೇಳಿಸುತ್ತದೆ" ಅಂತ ಒಂದು ಸಾಲು.

ಇಟಲಿಯ ಪಿಟೀಲುಗಾರ ಪಗನೀನಿಯ ರಚನೆಯೊಂದರ ಎತ್ತುಗಡೆಯನ್ನು ಬಗೆಬಗೆಯಾಗಿ ರೂಪಾಂತರಿಸಿದ ಪಗನೀನಿ ರಾಪ್ಸೊಡಿಗೆ ನೀನು "ಮೈಮರೆಸುವ ಹದಿನೆಂಟನೆಯ ರೂಪಾಂತರ" ಅಂತ ಬರೆದು ಮುಗಿಸಿದ್ದೀಯ. ಮೈ ಏಕೆ ಮರೆಯಬೇಕು, ಹೇಳು! ಪಗನೀನಿಯ ಎತ್ತುಗಡೆ ನಮ್ಮ ಸ್ವರಗಳಲ್ಲಿ ಸ-ಗ-ರಿ-ಸ-ಪ, ಗಾಂಧಾರ ಸಾಧಾರಣ. ಅದನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಮೇಲಿದ್ದದ್ದನ್ನು ಕೆಳಗೆ ಮಾಡಿ, ಶ್ರುತಿ ಬದಲಿಸಿ, ಚೌಕ ಕಾಲದಲ್ಲಿ, ಅಂದರೆ ನಿಧಾನವಾಗಿ ಇಟ್ಟರೆ ಪ-ಗ-ಮ-ಪ-ಸ, ಶಂಕರಾಭರಣದ ಸ್ವರಗಳು. ನಿರೂಪಕರಿಗೆ ಹಾಡಲು ಬಂದರೆ ಎರಡನ್ನೂ ಹಾಡಿಸು, ಹತ್ತು ಸೆಕೆಂಡಿನ ಕೆಲಸ. ಆ ಜಾಗ ಬರುವುದು ಸುಮಾರು ಹದಿನೈದು ನಿಮಿಷದ ಹೊತ್ತಿಗೆ ಅಂತಲೂ ತಿಳಿಸು.

ಮೈಸೂರಿನ ಸಂಬಂಧ ತರಬೇಕೆಂದು ಕೇಳಿದ್ದೀಯ. ರಖ್ಮಾನಿನೋಫಿಗೂ ಮೈಸೂರಿಗೂ ಗಂಟು ಹಾಕಬೇಡ. ಆತನ ಗೆಳೆಯ, ರಷ್ಯದ ಇನ್ನೊಬ್ಬ ರಚನಕಾರ ನಿಕೊಲಾಯ್ ಮೆಟ್ನರ್ ಮೂಲಕ ಹೋಗು. ರಖ್ಮಾನಿನೋಫ್ ತನ್ನ ನಾಲ್ಕನೆಯ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ಆತನಿಗೆ. ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಲ್ಲೇ ಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್‌ನ ಮೂರನೆಯ ಕಾನ್ಸರ್ಟೊ ಒಡೆಯರಿಗೆ ಅರ್ಪಿತ. ಆ ಮುದ್ರಣಗಳು ಸಿಗುತ್ತವೆ. ಸಂಜೆ ಒಂದು ಗಂಟೆ ಅದಕ್ಕೇ ಕೊಡು, ರಖ್ಮಾನಿನೋಫನ ನಾಲ್ಕನೆಯ ಕಾನ್ಸರ್ಟೊದ ಪಕ್ಕದಲ್ಲಿ.

ಹೆಸರನ್ನು ರಖ್ಮಾನಿನೋಫ್ ಅಂತಲೋ ರಾಕ್ಮನಿನಾಫ್ ಅಂತಲೋ ಒಂದನ್ನು ಹಿಡಿ, ದಿನವಿಡೀ ಬದಲಿಸಬೇಡ. ನಡುವಿನ "ಮಾ" ಮೇಲೆ ಒತ್ತು ಬೀಳಬೇಕು, ಅದನ್ನು ಗೆರೆ ಎಳೆದು ತೋರಿಸು.

ಕೊನೆಗೆ 1915ರ ಇರುಳಿನ ಜಾಗರಣೆ ಪ್ರಾರ್ಥನೆ, ವಾದ್ಯವೇ ಇಲ್ಲದ ಗಾಯನವೃಂದ. ಹದಿನೈದು ಭಾಗಗಳ ನಡುವೆ ಮೌನ ಬರುತ್ತದೆ. ಮೌನ ಕಂಡ ಕೂಡಲೇ ಬೇರೆ ಸಂಗೀತ ಹಾಕುವ ಯಂತ್ರ ನಿಮ್ಮಲ್ಲಿದ್ದರೆ ಅದರ ಕಾಯುವ ಸಮಯ ಹೆಚ್ಚಿಸಲು ತಂತ್ರಜ್ಞರಿಗೆ ಹಿಂದಿನ ದಿನವೇ ಹೇಳು. ಐದನೆಯ ಭಾಗವನ್ನು ತನ್ನ ಅಂತ್ಯಕ್ರಿಯೆಯಲ್ಲಿ ಹಾಡಬೇಕೆಂಬುದು ಆತನ ಆಸೆಯಾಗಿತ್ತು. ಅದರ ತುದಿಯಲ್ಲಿ ಕೆಳಗಿನ ಗಂಡುದನಿಗಳು ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಇಳಿದು ಸುಮಾರು 58 ಹರ್ಟ್ಸ್ ವರೆಗೆ ಹೋಗುತ್ತವೆ. ಫೋನಿನ ಪುಟ್ಟ ಸ್ಪೀಕರಿಗೆ ಆ ತಳ ಎಟುಕುವುದಿಲ್ಲ. ಅದಕ್ಕೆ ಮುಂಚಿನ ನಿರೂಪಣೆಯಲ್ಲಿ ಬೇರೇನೂ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ ಅಂತ ಬರಿ.

ಇಂತಿ,
ನಿನ್ನ ಅಕ್ಕ