ಕೌಂಟಿಯ ನೆತ್ತಿಯ ಮೇಲೊಂದು ಹೊಲ

ಆತ್ಮೀಯ ಓದುಗರೆ,

ಇಂಗ್ಲೆಂಡಿನ ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಅಂಥದ್ದೊಂದಾದ ಕೇಂಬ್ರಿಡ್ಜ್‌ಶೈರ್ ಕೌಂಟಿಯ ಅತಿ ಎತ್ತರದ ಜಾಗ ಗ್ರೇಟ್ ಚಿಸ್‌ಹಿಲ್ ಎಂಬ ಹಳ್ಳಿಯ ಪಕ್ಕದಲ್ಲಿದೆ. ಎತ್ತರ ಸಮುದ್ರಮಟ್ಟದಿಂದ 146 ಮೀಟರ್. ಶಿಖರ ಎಂದು ಬೆರಳು ಮಾಡಿ ತೋರಿಸಲು ಅಲ್ಲಿ ಏನೂ ಇಲ್ಲ. ಹೊಲದ ನೆಲ ತುಸು ಉಬ್ಬಿದೆ, ಅಷ್ಟೇ. ಅದೂ ಸ್ವಂತದ್ದಲ್ಲ. 1895ರವರೆಗೆ ಆ ಹಳ್ಳಿ ಎಸೆಕ್ಸ್‌ಗೆ ಸೇರಿತ್ತು. ಗಡಿ ಸರಿಯಿತು, ಕೇಂಬ್ರಿಡ್ಜ್‌ಶೈರ್ ಕೂತಲ್ಲೇ ಎತ್ತರವಾಯಿತು.

ಇಂಥ ಜಾಗಗಳನ್ನು ಹುಡುಕಿಕೊಂಡು ಹೋಗಿ, ಎರಡು ನಿಮಿಷ ನಿಂತು, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಬರುವವರು ಬ್ರಿಟನ್ನಿನಲ್ಲಿ ಬಹಳ ಮಂದಿ ಇದ್ದಾರೆ. ‘ಕೌಂಟಿ ಟಾಪ್’ ಹತ್ತುವುದು ಅವರ ಹವ್ಯಾಸ. ಬೆಟ್ಟ ಚೆಂದವಿದೆಯೇ, ನೋಟ ಹೇಗಿದೆ ಎಂಬ ಚೌಕಾಸಿಯೇ ಇಲ್ಲ. ಕೌಂಟಿಯ ಗಡಿಯೊಳಗೆ ಅದಕ್ಕಿಂತ ಎತ್ತರದ ನೆಲ ಇಲ್ಲವಾದರೆ ಹೋಗಲೇಬೇಕು. ಸರ್ಕಾರ ಎಳೆದ ಗೆರೆಗೆ ಇಷ್ಟು ನಿಷ್ಠೆಯಿಂದ ನಡೆದುಕೊಳ್ಳುವವರು ತೆರಿಗೆ ಇಲಾಖೆಯಲ್ಲೂ ಸಿಗಲಿಕ್ಕಿಲ್ಲ.

ಆದರೆ ಯಾವ ಗೆರೆ? ಇಲ್ಲಿ ತಕರಾರು ಶುರುವಾಗುತ್ತದೆ. ಐತಿಹಾಸಿಕ ಕೌಂಟಿಗಳನ್ನು ಹಿಡಿದರೆ ಇಂಗ್ಲೆಂಡಿನಲ್ಲಿ 39, ವೇಲ್ಸ್‌ನಲ್ಲಿ 13, ಸ್ಕಾಟ್ಲೆಂಡಿನಲ್ಲಿ 34, ಉತ್ತರ ಐರ್ಲೆಂಡಿನಲ್ಲಿ 6, ಒಟ್ಟು 92. ಹೊಸ ಗಡಿಗಳನ್ನು ಹಿಡಿದರೆ ಲೆಕ್ಕವೇ ಬೇರೆ. 1974ರ ಏಪ್ರಿಲ್ 1ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌಂಟಿಗಳು ಪುನರ್ವಿಂಗಡಣೆಯಾದವು. ಅಂದಿನವರೆಗೆ ಯಾರ್ಕ್‌ಶೈರಿನ ಅತಿ ಎತ್ತರದ ಬೆಟ್ಟವಾಗಿದ್ದ 788 ಮೀಟರಿನ ಮಿಕ್ಲ್ ಫೆಲ್ ಡರಮ್ ಪಾಲಾಯಿತು. ನಾರ್ತ್ ಯಾರ್ಕ್‌ಶೈರ್ 736 ಮೀಟರಿನ ವರ್ನ್‌ಸೈಡ್‌ಗೆ ತೃಪ್ತಿಪಟ್ಟುಕೊಂಡಿತು. ಯಾರ್ಕ್‌ಶೈರಿನ ಹಳಬರ ಮುಂದೆ ಈ ವಿಷಯ ಎತ್ತದಿರುವುದೇ ಲೇಸು. ಬೆಟ್ಟದ ಮೈಮೇಲೆ ಸುಣ್ಣದಕಲ್ಲಿನಲ್ಲಿ ಬಿಡಿಸಿದ, ಸುಮಾರು ಮೂರು ಸಾವಿರ ವರ್ಷ ಹಳೆಯ ಬಿಳಿ ಕುದುರೆಯ ಚಿತ್ರವಿದೆಯಲ್ಲ, ಆ ವೈಟ್ ಹಾರ್ಸ್ ಹಿಲ್ ಕೂಡ ಅದೇ ದಿನ ಬರ್ಕ್‌ಶೈರ್ ಬಿಟ್ಟು ಆಕ್ಸ್‌ಫರ್ಡ್‌ಶೈರಿಗೆ ಹೋಗಿ, ಅಲ್ಲಿನ ಅತಿ ಎತ್ತರದ ಜಾಗವಾಯಿತು.

ನಮಗೆ ಇದು ಹೊಸ ಕತೆಯೇನಲ್ಲ. 1956ರ ಅಕ್ಟೋಬರ್ 31ರವರೆಗೆ ತಡಿಯಂಡಮೋಳ್ ಕೊಡಗು ರಾಜ್ಯದ ಅತಿ ಎತ್ತರದ ಬೆಟ್ಟ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಮೈಸೂರು ರಾಜ್ಯದ ಒಂದು ಜಿಲ್ಲೆಯ ಬೆಟ್ಟ. ರಾಜ್ಯದ ಪಟ್ಟವೇನಿದ್ದರೂ ಮುಳ್ಳಯ್ಯನಗಿರಿಗೆ. ನವೆಂಬರ್ ಒಂದನ್ನು ಪ್ರತಿವರ್ಷ ಬ್ರಿಟನ್ನಿನ ಸಭಾಂಗಣಗಳಲ್ಲಿ ಆಚರಿಸುವ ಕನ್ನಡಿಗರಾದ ನಮಗೆ ಯಾರ್ಕ್‌ಶೈರಿನವರ ಸಂಕಟ ಅರ್ಥವಾಗಬೇಕು.

ಗಡಿಯ ಜಗಳ ಮುಗಿದರೂ ಅಳತೆಯ ಜಗಳ ಉಳಿಯುತ್ತದೆ. ಡಾರ್ಸೆಟ್‌ನಲ್ಲಿ ಪಿಲ್ಸ್‌ಡನ್ ಪೆನ್ ಎಂಬ ಗುಡ್ಡವೇ ಎತ್ತರದ್ದೆಂದು ಜನ ಬಹುಕಾಲ ನಂಬಿದ್ದರು. ಮತ್ತೆ ಅಳೆದಾಗ ಪಕ್ಕದ ಲ್ಯೂಸ್‌ಡನ್ ಹಿಲ್ ಎರಡು ಮೀಟರ್ ಹೆಚ್ಚು ಎಂದಾಯಿತು! ನಾಟಿಂಗ್‌ಹ್ಯಾಮ್‌ಶೈರಿನ ಪೇಚು ಇನ್ನೂ ಸ್ವಾರಸ್ಯದ್ದು. ಅಲ್ಲಿನ ಸಿಲ್ವರ್‌ಹಿಲ್ ಕಲ್ಲಿದ್ದಲು ಗಣಿಯಿಂದ ಹೊರಹಾಕಿದ ತ್ಯಾಜ್ಯದ ರಾಶಿಯೇ ಈಗ ಮರಗಿಡ ಬೆಳೆದ ಗುಡ್ಡ. ನೆತ್ತಿಯ ಮೇಲೆ ದೀಪ ಹಿಡಿದು ಅನಿಲ ಸೋರುತ್ತಿದೆಯೇ ಎಂದು ನೋಡುವ ಗಣಿ ಕಾರ್ಮಿಕನ ಕಂಚಿನ ವಿಗ್ರಹವಿದೆ. ಕೌಂಟಿಯ ಸಹಜವಾದ ಎತ್ತರಕ್ಕೂ ಈ ರಾಶಿಗೂ ಇರುವ ವ್ಯತ್ಯಾಸ ಹೆಚ್ಚೆಂದರೆ ಒಂದು ಮೀಟರ್. ಮನುಷ್ಯ ಸುರಿದ ಮಣ್ಣನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹೆಚ್ಚಿನವರು ಬೇಡ ಎನ್ನುತ್ತಾರೆ. ನನ್ನನ್ನು ಕೇಳಿದರೆ ಹಿಡಿಯಬೇಕು. ತಲೆಮಾರುಗಟ್ಟಲೆ ಜನ ನೆಲದಡಿಯಿಂದ ಅಗೆದು ತಂದು ಕಟ್ಟಿದ ಬೆಟ್ಟ ಅದು.

ನೆತ್ತಿ ತಲುಪಿದಾಗ ಅನೇಕ ಕಡೆ ಎದೆಯೆತ್ತರದ ಕಾಂಕ್ರೀಟ್ ಕಂಬವೊಂದು ಕಾಣುತ್ತದೆ: ‘ಟ್ರಿಗ್ ಪಾಯಿಂಟ್’. ಬ್ರಿಟನ್ನಿನ ಭೂಮಾಪನ ಇಲಾಖೆಯಾದ ಆರ್ಡ್ನೆನ್ಸ್ ಸರ್ವೆ 1936ರಿಂದ ಇಂಥ 6,500ಕ್ಕೂ ಹೆಚ್ಚು ಕಂಬಗಳನ್ನು ನೆಟ್ಟಿತು. ತಲೆಯ ಮೇಲೆ ಕೈಯಾಡಿಸಿ ನೋಡಿ, ಮೂರು ಕವಲಿನ ಹಿತ್ತಾಳೆಯ ಪಟ್ಟಿ ಸಿಗುತ್ತದೆ. ದೂರದ ಕಂಬಗಳತ್ತ ಗುರಿಯಿಟ್ಟು ಕೋನ ಅಳೆಯುವ ಉಪಕರಣವಾದ ಥಿಯೋಡೊಲೈಟಿನ ಮೂರು ಕಾಲು ಕೂರುತ್ತಿದ್ದದ್ದು ಅದರಲ್ಲಿ. ಪಕ್ಕದಲ್ಲಿ ಸಂಖ್ಯೆ ಕೊರೆದ ಲೋಹದ ಫಲಕವಿರುತ್ತದೆ. ಈಗ ಉಪಗ್ರಹಗಳಿವೆ, ಕಂಬಕ್ಕೆ ಕೆಲಸವಿಲ್ಲ. ಕಂಬ ಮುಟ್ಟಿದರೆ ಶಿಖರ ಮುಟ್ಟಿದಂತೆ ಎಂದುಕೊಳ್ಳುವಂತೆಯೂ ಇಲ್ಲ. ಸುತ್ತಲಿನ ಕಂಬಗಳು ಕಣ್ಣಿಗೆ ಬೀಳಬೇಕೆಂಬುದು ಅಳೆಯುವವರ ಲೆಕ್ಕಾಚಾರ. ಹಾಗಾಗಿ ನಿಜವಾದ ನೆತ್ತಿ ಒಮ್ಮೊಮ್ಮೆ ಬೇಲಿಯಾಚೆ ಇರುತ್ತದೆ. ಈ ಹವ್ಯಾಸಿಗಳು ಕಂಬದ ಸುತ್ತ ಪ್ರದಕ್ಷಿಣೆ ಹಾಕುವುದು ಭಕ್ತಿಯಿಂದಲ್ಲ.

ಬೇಸಿಗೆ ಬಂದರೆ ನಮ್ಮವರ ಕಾರುಗಳೆಲ್ಲ ಸ್ನೋಡನ್ ಇಲ್ಲವೇ ಲೇಕ್ ಡಿಸ್ಟ್ರಿಕ್ಟಿನ ಕಡೆಗೆ. ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ರೆಡಿಂಗ್, ಸ್ಲೌ ಸುತ್ತಮುತ್ತ ಮನೆ ಮಾಡಿಕೊಂಡವರಲ್ಲಿ ಬರ್ಕ್‌ಶೈರಿನ ವಾಲ್ಬರಿ ಹಿಲ್ ನೋಡಿದವರು ಎಷ್ಟು ಮಂದಿ? 297 ಮೀಟರ್ ಎತ್ತರ, ಕಬ್ಬಿಣಯುಗದ ಕೋಟೆಯ ದಿಬ್ಬ. ಪಕ್ಕದ ಗುಡ್ಡದ ಮೇಲೆ ಗಲ್ಲುಗಂಬ: 1676ರಲ್ಲಿ ಕೊಲೆಗಾರ ಜೋಡಿಯೊಂದಕ್ಕಾಗಿ ನೆಟ್ಟದ್ದು, ಈಗಿರುವುದು ಅದರ ಪ್ರತಿಕೃತಿ. ಮಕ್ಕಳಿಗೆ ನೋಟಕ್ಕಿಂತ ಅದೇ ಹೆಚ್ಚು ಇಷ್ಟವಾದರೆ ಬೇಸರಪಡಬೇಡಿ. ಸರ್ರಿಯವರಿಗೆ ಲೀತ್ ಹಿಲ್ ಇದೆ. ಬೆಟ್ಟ ಸಾವಿರ ಅಡಿಗೆ ಸ್ವಲ್ಪದರಲ್ಲೇ ಕಡಿಮೆಯಾಯಿತೆಂದು 18ನೇ ಶತಮಾನದಲ್ಲಿ ರಿಚರ್ಡ್ ಹಲ್ ಎಂಬಾತ ಮೇಲೊಂದು ಗೋಪುರ ಕಟ್ಟಿಸಿ, ಸತ್ತ ಮೇಲೆ ಅದರಡಿಯಲ್ಲೇ ಹೂಳಿಸಿಕೊಂಡ. ಗೋಪುರದ ಬುಡದಲ್ಲಿ ಚಹಾ ಸಿಗುತ್ತದೆ.

ಹೊರಡುವ ಮುನ್ನ ಒಂದೆರಡು ಮಾತು. ಎಲ್ಲ ನೆತ್ತಿಗಳೂ ಸಾರ್ವಜನಿಕ ಕಾಲುದಾರಿಯಲ್ಲಿಲ್ಲ. ಹೊಲದೊಳಗಿದ್ದರೆ ಯಜಮಾನರನ್ನು ಕೇಳಿ. ಬೆಳೆ ನಿಂತಿದ್ದರೆ ಕೊಯ್ಲಿನವರೆಗೆ ಕಾಯಿರಿ. ಮಿಕ್ಲ್ ಫೆಲ್ ಇರುವುದು ಸೇನೆಯ ಗುಂಡಿನ ಅಭ್ಯಾಸದ ವಲಯದಲ್ಲಿ, ಅಲ್ಲಿಗೆ ಪರವಾನಗಿ ಬೇಕು. ಡರ್ಬಿಶೈರಿನ ಕಿಂಡರ್ ಸ್ಕೌಟ್ ಹತ್ತುವವರು 1932ರ ಏಪ್ರಿಲ್ 24ನ್ನು ನೆನೆಯಿರಿ. ಭೂಮಾಲೀಕರ ಕಾವಲನ್ನು ಧಿಕ್ಕರಿಸಿ ಆ ದಿನ ನೂರಾರು ಕಾರ್ಮಿಕರು ಅಲ್ಲಿಗೆ ನುಗ್ಗಿದರು, ಐವರು ಜೈಲಿಗೆ ಹೋದರು. ನಾವಿಂದು ಬುತ್ತಿ ಕಟ್ಟಿಕೊಂಡು ಆರಾಮವಾಗಿ ಹೋಗಿಬರುತ್ತೇವೆ.

ನಿಮ್ಮ ಕೌಂಟಿಯ ನೆತ್ತಿಯ ಬಗ್ಗೆ ಒಂದು ಪುಟ ಬರೆದು, ಫೋಟೊ ಸಮೇತ ಮುಂದಿನ ಸಂಚಿಕೆಗೆ ಕಳುಹಿಸಿ. ನಾರ್ಫೋಕ್‌ನವರು ತಮ್ಮದು ಬರೀ 103 ಮೀಟರ್ ಎಂದು ಹಿಂಜರಿಯಬೇಕಿಲ್ಲ. ಮೊದಲ ಪುಟ ಅವರಿಗೇ ಮೀಸಲು.

– ಸಂಪಾದಕ